ನಡೆದದ್ದನ್ನು ಇಂಗ್ಲಿಷ್‌ನಲ್ಲಿ ಹೇಳುವ ಕ್ರಮ: ಭೂತಕಾಲದ ಕ್ರಿಯಾಪದ, ಸರ್ವನಾಮ ಮತ್ತು ಪ್ರಿಪೊಸಿಷನ್

ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಕೆಲಸಕ್ಕಾಗಿಯೋ ಮಕ್ಕಳಿಗೆ ಪಾಠ ಹೇಳಿಕೊಡಲೆಂದೋ ಇಂಗ್ಲಿಷ್ ಕಲಿಯುತ್ತಿರುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಪದಗಳು ಗೊತ್ತಿವೆ, ಕಾಲಗಳ ಪಟ್ಟಿಯೂ ಬಾಯಿಪಾಠವಾಗಿದೆ, ಆದರೂ ನಿನ್ನೆ ನಡೆದ ಒಂದು ಸಾಮಾನ್ಯ ಸಂಗತಿಯನ್ನು ಹೇಳಲು ಹೊರಟರೆ ವಾಕ್ಯ ನಡುವೆಯೇ ನಿಂತುಹೋಗುವುದೇಕೆ? ತೊಡಕು ಕ್ರಿಯಾಪದದ ರೂಪದಲ್ಲಿ ಮಾತ್ರ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕನ್ನಡದಲ್ಲಿ ಕೆಲಸ ಮಾಡಿದವರು ಯಾರೆಂಬುದನ್ನು ಕ್ರಿಯಾಪದದ ಕೊನೆಯೇ ಹೇಳಿಬಿಡುತ್ತದೆ. 'ಹೋದಳು' ಎಂದರೆ ಸಾಕು, ಹೋದದ್ದು ಒಬ್ಬ ಹೆಣ್ಣು ಎಂದು ತಿಳಿಯುತ್ತದೆ. ಎಲ್ಲಿಗೆ, ಎಲ್ಲಿಂದ, ಯಾವುದರಲ್ಲಿ ಎಂಬುದನ್ನು ನಾಮಪದದ ಕೊನೆಗೆ ಅಂಟಿಕೊಂಡ ವಿಭಕ್ತಿ ಪ್ರತ್ಯಯ ಹೇಳುತ್ತದೆ. ಇಂಗ್ಲಿಷ್‌ನಲ್ಲಿ ಈ ಎರಡು ಕೆಲಸಗಳನ್ನೂ ಬಿಡಿ ಪದಗಳು ಮಾಡುತ್ತವೆ, ಅವು ಹಿಂದೆ ಅಂಟಿಕೊಳ್ಳದೆ ಮುಂದೆ ಬಂದು ನಿಲ್ಲುತ್ತವೆ. ಹಾಗಾಗಿ ಕ್ರಿಯಾಪದ, ಸರ್ವನಾಮ, ಪ್ರಿಪೊಸಿಷನ್ ಈ ಮೂರನ್ನೂ ಬೇರೆ ಬೇರೆ ಪಾಠವಾಗಿ ಕಲಿಯುವುದಕ್ಕಿಂತ ಒಟ್ಟಿಗೆ ಕಲಿಯುವುದು ಲೇಸು.

ಮೂರು ಮಾತುಗಳ ಅರ್ಥವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಸರಿನ ಬದಲಿಗೆ ಬಳಸುವ ನಾನು, ನೀನು, ಅವನು, ಅದು ಮೊದಲಾದವು ಸರ್ವನಾಮಗಳು. ನಾಮಪದಕ್ಕೋ ಸರ್ವನಾಮಕ್ಕೋ ಮುಂದೆ ನಿಂತು ಸ್ಥಳ, ಕಾಲ, ಸಾಧನ, ಜೊತೆ ಇಂಥ ಸಂಬಂಧಗಳನ್ನು ತಿಳಿಸುವ 'ಇನ್', 'ಆನ್', 'ಆ್ಯಟ್', 'ಟು', 'ಫ್ರಮ್', 'ವಿತ್' ಮುಂತಾದ ಚಿಕ್ಕ ಪದಗಳು ಪ್ರಿಪೊಸಿಷನ್‌ಗಳು. ಇಂಥ ಒಂದು ಪದ ಮತ್ತು ಅದರ ಹಿಂದೆಯೇ ಬರುವ ನಾಮಪದ ಸೇರಿ ಒಂದು ಪದಗುಚ್ಛವಾಗುತ್ತದೆ. 'ಟು ದ ಮಾರ್ಕೆಟ್' ಒಂದು ಗುಚ್ಛ, 'ವಿತ್ ಹರ್' ಇನ್ನೊಂದು.

ಬೇಕಾದದ್ದು ಒಂದು ನೋಟ್‌ಬುಕ್, ಮತ್ತು ಶಾಲಾ ವ್ಯಾಕರಣ ಪುಸ್ತಕದ ಕೊನೆಯಲ್ಲಿ ಸಾಮಾನ್ಯವಾಗಿ ಇರುವ ಕ್ರಿಯಾಪದಗಳ ಮೂರು ರೂಪಗಳ ಪಟ್ಟಿ. ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಗಟ್ಟಿಯಾಗಿ ಓದಿಕೊಳ್ಳಿ, ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಿ.

1. ಕರ್ತೃವನ್ನು ಮೊದಲು ಹೇಳಿ, ಎಂದೂ ಬಿಡಬೇಡಿ

'ಊಟ ಮಾಡಿದೆ, ಮಲಗಿದೆ' ಎಂದು ಕನ್ನಡದಲ್ಲಿ ಹೇಳಿದರೆ ಏನೂ ಕೊರತೆಯಿಲ್ಲ. ಇಂಗ್ಲಿಷ್‌ನಲ್ಲಿ ಕೆಲಸ ಮಾಡಿದವರ ಹೆಸರೋ ಸರ್ವನಾಮವೋ ಇಲ್ಲದೆ ವಾಕ್ಯ ಆರಂಭವಾಗುವುದಿಲ್ಲ. ಕರ್ತೃವಿನ ಸ್ಥಾನದಲ್ಲಿ ಬರುವ ಸರ್ವನಾಮಗಳು ಏಳು: 'ಐ', 'ವಿ', 'ಯು', 'ಹಿ', 'ಶಿ', 'ಇಟ್', 'ದೇ'. 'ಮಳೆ ಬಂತು' ಎಂಬಲ್ಲಿಯೂ 'ಇಟ್ ರೇನ್ಡ್' ಎಂದು ಒಂದು 'ಇಟ್' ಬೇಕು. ಅದು ಯಾವ ವಸ್ತುವನ್ನೂ ಸೂಚಿಸದೆ ಖಾಲಿ ಜಾಗವನ್ನು ತುಂಬುತ್ತದೆ, ಅಷ್ಟೆ.

ಇಲ್ಲಿ ಮೂರು ಎಚ್ಚರಿಕೆಗಳು. ಕನ್ನಡದಲ್ಲಿ ಗೌರವಕ್ಕಾಗಿ ಒಬ್ಬರನ್ನೇ 'ಅವರು' ಎನ್ನುತ್ತೇವೆ, 'ಅಪ್ಪ ಬಂದರು' ಎನ್ನುತ್ತೇವೆ. ಇದನ್ನು ಹಾಗೆಯೇ ಹೊತ್ತು ತಂದು ತಂದೆಯನ್ನು 'ದೇ' ಎಂದರೆ ಕೇಳುವವರಿಗೆ ಹಲವರು ಬಂದರೆಂದು ಅರ್ಥವಾಗುತ್ತದೆ. ತಂದೆಗೆ 'ಹಿ', ತಾಯಿಗೆ 'ಶಿ' ಎಂದೇ ಹೇಳಬೇಕು, ಅದರಲ್ಲಿ ಅಗೌರವವಿಲ್ಲ. ಎರಡನೆಯದಾಗಿ, ಹೆಸರು ಹೇಳಿದ ಮೇಲೆ ಸರ್ವನಾಮವನ್ನು ಮತ್ತೆ ಸೇರಿಸಬೇಡಿ. 'ಮೈ ಫಾದರ್ ಹಿ ಕೇಮ್' ತಪ್ಪು, 'ಮೈ ಫಾದರ್ ಕೇಮ್' ಸರಿ.

ಮೂರನೆಯದು ಹೆಚ್ಚು ಮುಖ್ಯ, ಏಕೆಂದರೆ ಅದು ಕನ್ನಡದ ಸ್ವಭಾವದಿಂದಲೇ ಬರುವ ತೊಡಕು. ಅನುಭವವನ್ನು ಹೇಳುವಾಗ ನಾವು 'ನನಗೆ' ಎಂದು ಆರಂಭಿಸುತ್ತೇವೆ: ನನಗೆ ಹಸಿವಾಗಿತ್ತು, ನನಗೆ ಜ್ವರ ಬಂದಿತ್ತು, ಅವಳಿಗೆ ವಿಷಯ ಗೊತ್ತಿತ್ತು, ನಮಗೆ ಮನೆ ಇಷ್ಟವಾಯಿತು, ಅವರಿಗೆ ಪತ್ರ ಸಿಕ್ಕಿತು. ಇವುಗಳಲ್ಲಿ ಅನುಭವಿಸಿದವರಿಗೆ ಚತುರ್ಥೀ ವಿಭಕ್ತಿ ಹತ್ತಿದೆ. ಇಂಗ್ಲಿಷ್ ಈ ಎಲ್ಲ ಕಡೆಯೂ ಅನುಭವಿಸಿದವರನ್ನೇ ಕರ್ತೃವಾಗಿ ಕೂರಿಸುತ್ತದೆ: 'ಐ ವಾಸ್ ಹಂಗ್ರಿ', 'ಐ ಹ್ಯಾಡ್ ಎ ಫೀವರ್', 'ಶಿ ನ್ಯೂ ಅಬೌಟ್ ಇಟ್', 'ವಿ ಲೈಕ್ಟ್ ದ ಹೌಸ್', 'ದೇ ಗಾಟ್ ದ ಲೆಟರ್'. 'ನನಗೆ' ಎಂದು ಮನಸ್ಸಿಗೆ ಬಂದ ಕೂಡಲೇ 'ಟು ಮಿ' ಎಂದು ಬಾಯಿ ತೆರೆಯದೆ 'ಐ' ಎಂದು ಆರಂಭಿಸಿ. ಮುಂದಿನ ಕ್ರಿಯಾಪದವನ್ನು ಹುಡುಕುವುದು ಆಗ ಸುಲಭವಾಗುತ್ತದೆ.

2. ಕ್ರಿಯಾಪದವನ್ನು ಭೂತಕಾಲಕ್ಕೆ ತನ್ನಿ

ಈ ಹಂತದಲ್ಲಿ ಕನ್ನಡಿಗರಿಗೆ ಒಂದು ಸಮಾಧಾನದ ಸಂಗತಿಯಿದೆ. ಹೋದೆನು, ಹೋದೆವು, ಹೋದಿರಿ, ಹೋದನು, ಹೋದಳು, ಹೋದರು, ಹೋಯಿತು ಎಂದು ನಮ್ಮಲ್ಲಿ ಇರುವ ಇಷ್ಟೂ ರೂಪಗಳಿಗೆ ಇಂಗ್ಲಿಷ್‌ನಲ್ಲಿ ಇರುವುದು 'ವೆಂಟ್' ಒಂದೇ. ಸರ್ವನಾಮ ಬದಲಾದರೂ ಭೂತಕಾಲದ ಕ್ರಿಯಾಪದ ಕದಲುವುದಿಲ್ಲ. ಇದಕ್ಕೆ ಅಪವಾದ 'ಇರು' ಎಂಬ ಅರ್ಥದ ಕ್ರಿಯಾಪದ ಮಾತ್ರ: 'ಐ', 'ಹಿ', 'ಶಿ', 'ಇಟ್' ಇವುಗಳ ಜೊತೆ 'ವಾಸ್', 'ವಿ', 'ಯು', 'ದೇ' ಇವುಗಳ ಜೊತೆ 'ವರ್'. 'ಯು' ಒಬ್ಬರಿಗೆ ಹೇಳಿದ್ದಾದರೂ 'ಯು ವರ್' ಎಂದೇ ಆಗಬೇಕು.

ನಿಯಮಿತ ಕ್ರಿಯಾಪದಗಳಿಗೆ ಕೊನೆಯಲ್ಲಿ 'ಇ' ಮತ್ತು 'ಡಿ' ಅಕ್ಷರಗಳನ್ನು ಸೇರಿಸುತ್ತಾರೆ. ಕಾಗುಣಿತ ಸರಿಯಿದ್ದೂ ಉಚ್ಚಾರಣೆಯಲ್ಲಿ ಎಡವುವವರು ಬಹಳ ಮಂದಿ, ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮೂಲ ಪದ 'ಕ್', 'ಪ್', 'ಸ್', 'ಶ್', 'ಚ್', 'ಫ್' ಇಂಥ ಘೋಷವಿಲ್ಲದ ಧ್ವನಿಯಲ್ಲಿ, ಅಂದರೆ ಗಂಟಲಿನ ಮೇಲೆ ಬೆರಳಿಟ್ಟರೆ ಕಂಪನ ಸಿಗದ ಧ್ವನಿಯಲ್ಲಿ ಮುಗಿದರೆ, ಸೇರಿಸಿದ ಭಾಗ 'ಟ್' ಎಂದು ಕೇಳಿಸುತ್ತದೆ: 'ವರ್ಕ್ಟ್', 'ಹೆಲ್ಪ್ಟ್', 'ವಾಚ್ಟ್'. ಮೂಲ ಪದ 'ಟ್' ಅಥವಾ 'ಡ್' ಧ್ವನಿಯಲ್ಲಿ ಮುಗಿದರೆ ಮಾತ್ರ ಒಂದು ಹೊಸ ಸ್ವರ ಹುಟ್ಟಿ 'ಇಡ್' ಆಗುತ್ತದೆ: 'ವೇಟಿಡ್', 'ವಾಂಟಿಡ್', 'ನೀಡಿಡ್'. ಉಳಿದ ಕಡೆಗಳಲ್ಲಿ ಬರಿಯ 'ಡ್': 'ಕಾಲ್ಡ್', 'ಪ್ಲೇಡ್', 'ಲಿವ್ಡ್'. 'ವರ್ಕೆಡ್', 'ಹೆಲ್ಪೆಡ್', 'ವಾಚೆಡ್' ಎಂದು ಎಲ್ಲ ಕಡೆಯೂ ಸ್ವರ ಸೇರಿಸಿ ಹೇಳುವುದು ತಪ್ಪು.

ಅನಿಯಮಿತ ಕ್ರಿಯಾಪದಗಳು, ಅಂದರೆ ನಿಯಮಕ್ಕೆ ಸಿಗದೆ ರೂಪವನ್ನೇ ಬದಲಿಸಿಕೊಳ್ಳುವವು, ದಿನದ ಮಾತಿನಲ್ಲಿ ಹೆಚ್ಚು ಬೇಕಾಗುತ್ತವೆ. ಕನ್ನಡದಲ್ಲಿಯೂ ಹೀಗೆಯೇ ಇದೆ: 'ಮಾಡು' ಎಂಬುದು 'ಮಾಡಿದ' ಆಗುತ್ತದೆ, ಆದರೆ 'ಬರು' ಎಂಬುದು 'ಬಂದ', 'ಕೊಡು' ಎಂಬುದು 'ಕೊಟ್ಟ', 'ಬೀಳು' ಎಂಬುದು 'ಬಿದ್ದ' ಆಗುತ್ತದೆ. ಪಟ್ಟಿಯನ್ನು ಅಕ್ಷರಮಾಲೆಯ ಕ್ರಮದಲ್ಲಿ ಉರುಹೊಡೆಯಬೇಡಿ. ನಿಮ್ಮ ದಿನಚರಿಯಲ್ಲಿ ಬರುವವನ್ನು ಮೊದಲು ಹಿಡಿಯಿರಿ: 'ಗೋ' 'ವೆಂಟ್', 'ಕಮ್' 'ಕೇಮ್', 'ಸೀ' 'ಸಾ', 'ಈಟ್' 'ಏಟ್', 'ಗಿವ್' 'ಗೇವ್', 'ಟೇಕ್' 'ಟುಕ್', 'ಬ್ರಿಂಗ್' 'ಬ್ರಾಟ್', 'ಬೈ' 'ಬಾಟ್', 'ಟೆಲ್' 'ಟೋಲ್ಡ್', 'ಸೇ' 'ಸೆಡ್', 'ಲೀವ್' 'ಲೆಫ್ಟ್', 'ಟೀಚ್' 'ಟಾಟ್'. 'ಪುಟ್' ಮತ್ತು 'ಕಟ್' ಬದಲಾಗುವುದೇ ಇಲ್ಲ. 'ರೀಡ್' ಬರೆಯುವಾಗ ಬದಲಾಗುವುದಿಲ್ಲ, ಓದುವಾಗ 'ರೆಡ್' ಆಗುತ್ತದೆ. 'ಗೋ' ಮತ್ತು 'ವೆಂಟ್' ನಡುವೆ ಹೋಲಿಕೆಯೇ ಇಲ್ಲವಲ್ಲ ಎಂದು ಕೇಳುವವರಿಗೆ ಉತ್ತರವೂ ಇದೆ. 'ವೆಂಟ್' ಮೂಲತಃ 'ವೆಂಡ್' ಎಂಬ ಬೇರೆಯೇ ಕ್ರಿಯಾಪದದ ಭೂತರೂಪ. 'ಸೆಂಡ್' 'ಸೆಂಟ್' ಆದಂತೆ ಅದೂ ಆಗಿತ್ತು, ಕಾಲಕ್ರಮದಲ್ಲಿ 'ಗೋ' ಪದದ ಭೂತಕಾಲದ ಜಾಗವನ್ನು ಹಿಡಿಯಿತು.

3. ಇಲ್ಲ ಎನ್ನುವಾಗ ಮತ್ತು ಪ್ರಶ್ನಿಸುವಾಗ 'ಡಿಡ್' ಬಳಸಿ

'ಹೋಗಲಿಲ್ಲ' ಎಂಬುದನ್ನು ಗಮನಿಸಿ: 'ಹೋದೆ' ಎಂಬ ಭೂತರೂಪ ಅದರಲ್ಲಿ ಇಲ್ಲ. ಇಂಗ್ಲಿಷ್‌ನಲ್ಲಿಯೂ ಅಷ್ಟೆ. ಭೂತಕಾಲದ ಗುರುತನ್ನು 'ಡಿಡ್' ಹೊತ್ತುಕೊಂಡ ಮೇಲೆ ಮುಖ್ಯ ಕ್ರಿಯಾಪದ ಮೂಲರೂಪಕ್ಕೆ ಮರಳುತ್ತದೆ: 'ಐ ಡಿಡ್ ನಾಟ್ ಗೋ', 'ಡಿಡ್ ಶಿ ಕಮ್?' ಹೀಗೆ. 'ಐ ಡಿಡ್ ನಾಟ್ ವೆಂಟ್' ಎಂದರೆ ಒಂದೇ ವಾಕ್ಯದಲ್ಲಿ ಭೂತಕಾಲ ಎರಡು ಸಲ ಬಂದಂತಾಗುತ್ತದೆ. 'ವಾಸ್' ಮತ್ತು 'ವರ್' ಇವುಗಳಿಗೆ 'ಡಿಡ್' ಬೇಡ: 'ಹಿ ವಾಸ್ ನಾಟ್ ಆ್ಯಟ್ ಹೋಮ್', 'ವರ್ ಯು ದೇರ್?'

4. 'ಹೋಗಿದ್ದೆ' ಮತ್ತು 'ಹೋಗುತ್ತಿದ್ದೆ' ಎಂಬಲ್ಲಿ ಎಚ್ಚರ

ಚೆನ್ನಾಗಿ ಇಂಗ್ಲಿಷ್ ಬಲ್ಲವರ ಮಾತಿನಲ್ಲಿಯೂ ಉಳಿದುಬಿಡುವ ತಪ್ಪು ಇಲ್ಲಿದೆ. 'ನಿನ್ನೆ ಮೈಸೂರಿಗೆ ಹೋಗಿದ್ದೆ' ಎಂಬುದು ಅಚ್ಚುಕಟ್ಟಾದ ಕನ್ನಡ. ಅದರ ಅಚ್ಚಿನಲ್ಲಿಯೇ 'ಐ ಹ್ಯಾಡ್ ಗಾನ್ ಟು ಮೈಸೂರು ಯೆಸ್ಟರ್‌ಡೇ' ಎಂದುಬಿಡುತ್ತೇವೆ. ಇಂಗ್ಲಿಷ್‌ನಲ್ಲಿ 'ಹ್ಯಾಡ್ ಗಾನ್' ಎಂಬ ರೂಪ ಬೇಕಾಗುವುದು ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ಎಂದು ತೋರಿಸಬೇಕಾದಾಗ: 'ನಾನು ನಿಲ್ದಾಣ ತಲುಪುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು' ಎಂಬಲ್ಲಿ 'ದ ಬಸ್ ಹ್ಯಾಡ್ ಲೆಫ್ಟ್' ಸರಿ. ಒಂದೇ ಸಂಗತಿಯನ್ನು ಹೇಳುವಾಗ 'ಐ ವೆಂಟ್ ಟು ಮೈಸೂರು ಯೆಸ್ಟರ್‌ಡೇ' ಎಂದರೆ ಮುಗಿಯಿತು. ಹಾಗೆಯೇ 'ನಿನ್ನೆ', 'ಕಳೆದ ವಾರ' ಎಂದು ಮುಗಿದ ಕಾಲವನ್ನು ಹೆಸರಿಸಿದ ಮೇಲೆ 'ಐ ಹ್ಯಾವ್ ಸೀನ್ ಹಿಮ್' ಎನ್ನುವಂತಿಲ್ಲ. 'ಐ ಸಾ ಹಿಮ್ ಯೆಸ್ಟರ್‌ಡೇ' ಎನ್ನಬೇಕು.

ರೂಢಿಯಾಗಿ ಮಾಡುತ್ತಿದ್ದ ಕೆಲಸವನ್ನು ಕನ್ನಡದಲ್ಲಿ 'ದಿನಾ ತೋಟಕ್ಕೆ ಹೋಗುತ್ತಿದ್ದೆವು' ಎನ್ನುತ್ತೇವೆ. ಇದನ್ನು 'ವಿ ವರ್ ಗೋಯಿಂಗ್' ಎಂದು ಹೇಳಬೇಡಿ. ಆ ರೂಪ ಒಂದು ನಿರ್ದಿಷ್ಟ ಗಳಿಗೆಯಲ್ಲಿ ನಡೆಯುತ್ತಲಿದ್ದ ಕೆಲಸಕ್ಕೆ ಮೀಸಲು. 'ವಿ ವೆಂಟ್ ಟು ದ ಫಾರ್ಮ್ ಎವ್ರಿ ಡೇ' ಅಥವಾ 'ವಿ ಯೂಸ್ಟು ಗೋ' ಎಂಬುದು ಸರಿಯಾದ ಮಾತು.

5. ಕ್ರಿಯಾಪದದ ನಂತರ ಬರುವ ಸರ್ವನಾಮದ ರೂಪ ಬೇರೆ

ಕ್ರಿಯಾಪದದ ಫಲ ಯಾರ ಮೇಲೆ ಬಿತ್ತೋ ಅವರನ್ನು ಹೇಳುವಾಗ 'ಐ' ಎಂಬುದು 'ಮಿ', 'ವಿ' ಎಂಬುದು 'ಅಸ್', 'ಹಿ' ಎಂಬುದು 'ಹಿಮ್', 'ಶಿ' ಎಂಬುದು 'ಹರ್', 'ದೇ' ಎಂಬುದು 'ದೆಮ್' ಆಗುತ್ತದೆ. 'ಯು' ಮತ್ತು 'ಇಟ್' ಹಾಗೆಯೇ ಉಳಿಯುತ್ತವೆ. ಕನ್ನಡದಲ್ಲಿ ನನ್ನನ್ನು, ನನಗೆ, ನನ್ನಿಂದ, ನನ್ನಲ್ಲಿ ಎಂದು ಬೇರೆ ಬೇರೆ ರೂಪಗಳಿದ್ದರೂ ಇಂಗ್ಲಿಷ್‌ನಲ್ಲಿ 'ಮಿ' ಒಂದೇ. ಅದರ ಮುಂದಿನ ಪ್ರಿಪೊಸಿಷನ್ ಬದಲಾಗುತ್ತದೆ: 'ಟು ಮಿ', 'ಫ್ರಮ್ ಮಿ', 'ವಿತ್ ಮಿ'. ಪ್ರಿಪೊಸಿಷನ್ ಆದ ಮೇಲೆ ಯಾವಾಗಲೂ ಈ ಎರಡನೆಯ ರೂಪವೇ ಬರಬೇಕು. ಎರಡು ಹೆಸರು ಒಟ್ಟಿಗೆ ಬಂದಾಗ ಹಲವರು ತಡವರಿಸಿ 'ಬಿಟ್ವೀನ್ ಯು ಅಂಡ್ ಐ' ಎನ್ನುತ್ತಾರೆ. 'ಬಿಟ್ವೀನ್ ಯು ಅಂಡ್ ಮಿ' ಎಂಬುದೇ ಸರಿ.

ಕೇಳುವವರಿಗೆ ತಿಳಿದಿದೆ ಎಂದಾದಾಗ ಕನ್ನಡವು ಕರ್ಮವನ್ನೂ ಬಿಟ್ಟುಬಿಡುತ್ತದೆ. 'ಪುಸ್ತಕ ಎಲ್ಲಿ?' ಎಂದರೆ 'ಅವಳಿಗೆ ಕೊಟ್ಟೆ' ಎನ್ನುತ್ತೇವೆ. ಇಂಗ್ಲಿಷ್‌ನಲ್ಲಿ ಏನನ್ನು ಎಂಬುದು ಬಾಯಿಬಿಟ್ಟು ಬರಬೇಕು: 'ಐ ಗೇವ್ ಇಟ್ ಟು ಹರ್'. ಇಲ್ಲಿ 'ಇಟ್' ಮೊದಲು, 'ಟು ಹರ್' ಆಮೇಲೆ. 'ಐ ಗೇವ್ ಹರ್ ದ ಬುಕ್' ಎಂದು ವಸ್ತುವನ್ನು ಹೆಸರಿಸಿದಾಗ ಮಾತ್ರ 'ಟು' ಬಿಟ್ಟು 'ಹರ್' ಮುಂದೆ ಬರಬಹುದು.

'ತನ್ನ' ಎಂಬುದಕ್ಕೆ ಇಂಗ್ಲಿಷ್‌ನಲ್ಲಿ ಬೇರೆ ಪದವಿಲ್ಲ. ಕರ್ತೃ ಗಂಡಾದರೆ 'ಹಿಸ್', ಹೆಣ್ಣಾದರೆ 'ಹರ್', ಹಲವರಾದರೆ 'ದೇರ್'.

6. ಪ್ರಿಪೊಸಿಷನ್ ಆರಿಸುವಾಗ ಪ್ರತ್ಯಯವನ್ನು ನಂಬಿ ಕೂರಬೇಡಿ

'ಅಲ್ಲಿ' ಎಂದರೆ 'ಇನ್', 'ಗೆ' ಎಂದರೆ 'ಟು', 'ಇಂದ' ಎಂದರೆ 'ಫ್ರಮ್' ಎಂದು ಶಾಲೆಯಲ್ಲಿ ಕಲಿತ ಕೋಷ್ಟಕವೇ ಅರ್ಧ ತಪ್ಪುಗಳಿಗೆ ಕಾರಣ. ನಮ್ಮ ಒಂದೊಂದು ಪ್ರತ್ಯಯವೂ ಹಲವು ಸಂಬಂಧಗಳನ್ನು ಹೇಳುತ್ತದೆ, ಇಂಗ್ಲಿಷ್ ಅವುಗಳನ್ನು ಬಿಡಿಸಿ ಹೇಳುತ್ತದೆ.

'ಇಂದ' ಪ್ರತ್ಯಯವನ್ನೇ ನೋಡಿ. 'ಹಾಸನದಿಂದ ಬಂದಳು' ಎಂಬಲ್ಲಿ ಅದು ಹೊರಟ ಸ್ಥಳ, ಆದ್ದರಿಂದ 'ಶಿ ಕೇಮ್ ಫ್ರಮ್ ಹಾಸನ'. 'ಚಾಕುವಿನಿಂದ ಕತ್ತರಿಸಿದಳು' ಎಂಬಲ್ಲಿ ಸಾಧನ, ಆದ್ದರಿಂದ 'ಶಿ ಕಟ್ ಇಟ್ ವಿತ್ ಎ ನೈಫ್'. 'ಈ ಕೆಲಸ ಅವನಿಂದ ಆಯಿತು' ಎಂಬಲ್ಲಿ ಮಾಡಿದವನು, ಆದ್ದರಿಂದ 'ಇಟ್ ವಾಸ್ ಡನ್ ಬೈ ಹಿಮ್'. 'ಗೆ' ಕೂಡ ಹೀಗೆಯೇ: ಶಾಲೆಗೆ ಹೋದಾಗ 'ಟು', ಆರು ಗಂಟೆಗೆ ಎದ್ದಾಗ 'ಆ್ಯಟ್', ಅಮ್ಮನಿಗೆ ಸೀರೆ ಕೊಂಡಾಗ 'ಫಾರ್', ಅದನ್ನು ಅಮ್ಮನಿಗೆ ಕೊಟ್ಟಾಗ ಮತ್ತೆ 'ಟು'. ಮೈಸೂರಿನಲ್ಲಿ ವಾಸವಿದ್ದರೆ 'ಇನ್', ಬಸ್ ನಿಲ್ದಾಣದಲ್ಲಿ ಕಾದರೆ 'ಆ್ಯಟ್', ಬಸ್ಸಿನಲ್ಲಿ ಕುಳಿತಿದ್ದರೆ 'ಆನ್ ದ ಬಸ್', ಬಸ್ಸಿನಲ್ಲಿ ಪ್ರಯಾಣ ಮಾಡಿ ಬಂದರೆ 'ಬೈ ಬಸ್'. ಪ್ರತ್ಯಯ ಯಾವುದು ಎಂದು ಕೇಳಿಕೊಳ್ಳದೆ ಸಂಬಂಧ ಯಾವುದು ಎಂದು ಕೇಳಿಕೊಳ್ಳಿ: ಹೊರಟ ಜಾಗವೇ, ಸೇರಿದ ಜಾಗವೇ, ಸಾಧನವೇ, ಜೊತೆಯೇ, ಹೊತ್ತೇ?

ಹೊತ್ತಿನ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. ಗಡಿಯಾರದ ಗಂಟೆಗೆ 'ಆ್ಯಟ್', ಸೋಮವಾರ, ಮಂಗಳವಾರ ಎಂಬಂಥ ದಿನಕ್ಕೂ ತಾರೀಖಿಗೂ 'ಆನ್', ತಿಂಗಳಿಗೂ ವರ್ಷಕ್ಕೂ 'ಇನ್'. ಮೈಸೂರು ರಾಜ್ಯ ಕರ್ನಾಟಕವಾದದ್ದನ್ನು ವರ್ಷದೊಂದಿಗೆ ಮಾತ್ರ ಹೇಳಿದರೆ 'ಇನ್ 1973'. ನವೆಂಬರ್ 1 ಎಂದು ತಾರೀಖನ್ನೂ ಹೇಳಿದರೆ 'ಆನ್'. ಬೆಳಿಗ್ಗೆ 'ಇನ್ ದ ಮಾರ್ನಿಂಗ್', ರಾತ್ರಿ ಮಾತ್ರ 'ಆ್ಯಟ್ ನೈಟ್'. ಕೆಲಸ ಎಷ್ಟು ಕಾಲ ನಡೆಯಿತು ಎಂಬುದಕ್ಕೆ 'ಫಾರ್': 'ಐ ವರ್ಕ್ಟ್ ದೇರ್ ಫಾರ್ ಟೆನ್ ಇಯರ್ಸ್'. 'ಮೂರು ದಿನಗಳ ಹಿಂದೆ' ಎಂಬುದು 'ಬಿಫೋರ್ ತ್ರೀ ಡೇಸ್' ಅಲ್ಲ, 'ತ್ರೀ ಡೇಸ್ ಅಗೋ'. ಈ 'ಅಗೋ' ಕನ್ನಡದ 'ಹಿಂದೆ'ಯಂತೆ ಕೊನೆಯಲ್ಲಿಯೇ ಬರುತ್ತದೆ.

7. ಪ್ರಿಪೊಸಿಷನ್ ಬೇಡದ ಕಡೆ ಹಾಕಬೇಡಿ

'ಯೆಸ್ಟರ್‌ಡೇ', 'ಲಾಸ್ಟ್ ವೀಕ್', 'ಹಿಯರ್', 'ದೇರ್' ಇವುಗಳ ಮುಂದೆ 'ಆನ್', 'ಇನ್', 'ಟು' ಬರುವುದಿಲ್ಲ. 'ಮನೆಗೆ ಹೋದೆ' ಎಂಬುದು 'ಐ ವೆಂಟ್ ಹೋಮ್'. ಕೆಲವು ಕ್ರಿಯಾಪದಗಳು ನೇರವಾಗಿ ಕರ್ಮವನ್ನು ಹಿಡಿಯುತ್ತವೆ: 'ವಿ ರೀಚ್ಟ್ ಮೈಸೂರು', 'ಹಿ ಎಂಟರ್ಡ್ ದ ರೂಮ್', 'ದೇ ಡಿಸ್ಕಸ್ಟ್ ದ ಮ್ಯಾಟರ್', 'ಶಿ ಮ್ಯಾರಿಡ್ ಹಿಮ್', 'ಐ ಆಸ್ಕ್ಟ್ ಹರ್'. ಇದಕ್ಕೆ ತದ್ವಿರುದ್ಧವಾಗಿ ಕೆಲವಕ್ಕೆ ಪ್ರಿಪೊಸಿಷನ್ ಬೇಕೇ ಬೇಕು: 'ವೇಟಿಡ್ ಫಾರ್', 'ಲಿಸನ್ಡ್ ಟು', 'ಲುಕ್ಟ್ ಆ್ಯಟ್', 'ಎಕ್ಸ್‌ಪ್ಲೇನ್ಡ್ ಟು'. 'ಹೇಳಿದನು' ಎಂಬುದಕ್ಕೆ ಇರುವ ಎರಡು ಪದಗಳಲ್ಲಿ ಒಂದು ಈ ಕಡೆ, ಇನ್ನೊಂದು ಆ ಕಡೆ: 'ಹಿ ಟೋಲ್ಡ್ ಮಿ', ಆದರೆ 'ಹಿ ಸೆಡ್ ಟು ಮಿ'. ಇದಕ್ಕೆ ಅಡ್ಡದಾರಿಯಿಲ್ಲ, ಹೊಸ ಕ್ರಿಯಾಪದವನ್ನು ಬರೆದುಕೊಳ್ಳುವಾಗಲೇ ಅದರ ಪ್ರಿಪೊಸಿಷನ್ ಸಮೇತ ಬರೆದುಕೊಳ್ಳಿ.

8. ಕರ್ತೃವನ್ನು ಹಿಡಿದು, ಕನ್ನಡ ವಾಕ್ಯವನ್ನು ಕೊನೆಯಿಂದ ಓದಿ

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. 'ನಾನು ನಿನ್ನೆ ಅಕ್ಕನ ಜೊತೆ ಬಸ್ಸಿನಲ್ಲಿ ಮೈಸೂರಿಗೆ ಹೋದೆ' ಎಂಬ ವಾಕ್ಯವನ್ನು ತೆಗೆದುಕೊಳ್ಳಿ. 'ನಾನು' ಎಂಬುದನ್ನು ಅಲ್ಲಿಯೇ ಬಿಟ್ಟು, ಉಳಿದದ್ದನ್ನು ಬಲಗಡೆಯಿಂದ ಎಡಗಡೆಗೆ ಓದುತ್ತಾ ಬನ್ನಿ: ಹೋದೆ, ಮೈಸೂರಿಗೆ, ಬಸ್ಸಿನಲ್ಲಿ, ಅಕ್ಕನ ಜೊತೆ, ನಿನ್ನೆ. ಇಂಗ್ಲಿಷ್ ವಾಕ್ಯದ ಕ್ರಮ ಅದೇ: 'ಐ ವೆಂಟ್ ಟು ಮೈಸೂರು ಬೈ ಬಸ್ ವಿತ್ ಮೈ ಸಿಸ್ಟರ್ ಯೆಸ್ಟರ್‌ಡೇ'. ಗುಚ್ಛದ ಒಳಗೂ ಇದೇ ತಿರುವು ಇದೆ. 'ಮನೆಯ ಹಿಂದೆ' ಎಂಬುದು 'ಬಿಹೈಂಡ್ ದ ಹೌಸ್', 'ಮೇಜಿನ ಮೇಲಿನ ಪುಸ್ತಕ' ಎಂಬುದು 'ದ ಬುಕ್ ಆನ್ ದ ಟೇಬಲ್'.

ಎರಡು ಕಡೆ ಈ ತಿರುವು ನಡೆಯುವುದಿಲ್ಲ. ಸಂಖ್ಯೆ, ಗುಣವಾಚಕ ಮತ್ತು 'ನನ್ನ', 'ಅವಳ' ಎಂಬಂಥ ಪದಗಳು ಎರಡು ಭಾಷೆಗಳಲ್ಲಿಯೂ ನಾಮಪದದ ಮುಂದೆಯೇ ಇರುತ್ತವೆ: 'ಎರಡು ದೊಡ್ಡ ಮರ' ಎಂಬುದು 'ಟೂ ಬಿಗ್ ಟ್ರೀಸ್'. ಇನ್ನು ಕಾಲವನ್ನು ಒತ್ತಿ ಹೇಳಬೇಕಾದರೆ 'ಯೆಸ್ಟರ್‌ಡೇ' ಎಂಬುದನ್ನು ವಾಕ್ಯದ ಮೊದಲಿಗೆ ತರಬಹುದು. ಆದರೆ ಕ್ರಿಯಾಪದಕ್ಕೂ ಕರ್ಮಕ್ಕೂ ನಡುವೆ ಅದನ್ನು ತುರುಕಬಾರದು. 'ಐ ಬಾಟ್ ಯೆಸ್ಟರ್‌ಡೇ ಎ ಬುಕ್' ಎಂಬುದು ಇಂಗ್ಲಿಷ್ ಅಲ್ಲ.

9. ಎಲ್ಲವನ್ನೂ ಕೂಡಿಸಿ ಒಂದು ಉತ್ತರ ಕಟ್ಟಿ

ಸಂದರ್ಶನದಲ್ಲಿ 'ಓದಿದ ಮೇಲೆ ಏನು ಮಾಡಿದಿರಿ?' ಎಂದು ಕೇಳಿದರೆಂದು ಇಟ್ಟುಕೊಳ್ಳಿ. ಕನ್ನಡದಲ್ಲಿ ಉತ್ತರ ಹೀಗಿದೆ: 'ಕಳೆದ ವರ್ಷ ಜೂನ್‌ನಲ್ಲಿ ಡಿಪ್ಲೊಮಾ ಮುಗಿಸಿದೆ. ಆಮೇಲೆ ಆರು ತಿಂಗಳು ಮಾವನ ಜೊತೆ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದೆ. ಅವರು ನನಗೆ ಲೇತ್ ಕೆಲಸ ಕಲಿಸಿದರು. ಸಂಬಳ ಸಾಲುತ್ತಿರಲಿಲ್ಲ, ಅದಕ್ಕೆ ಬಿಟ್ಟೆ.'

ಮೊದಲ ವಾಕ್ಯದಲ್ಲಿ ಕರ್ತೃವೂ ಇಲ್ಲ, ಡಿಪ್ಲೊಮಾ ಯಾರದೆಂಬುದೂ ಇಲ್ಲ. ಎರಡನ್ನೂ ಸೇರಿಸಿ: 'ಐ ಫಿನಿಶ್ಟ್ ಮೈ ಡಿಪ್ಲೊಮಾ ಇನ್ ಜೂನ್ ಲಾಸ್ಟ್ ಇಯರ್'. ಎರಡನೆಯದನ್ನು ಕೊನೆಯಿಂದ ಓದಿ: 'ದೆನ್ ಐ ವರ್ಕ್ಟ್ ಇನ್ ಎ ವರ್ಕ್‌ಶಾಪ್ ಇನ್ ಪೀಣ್ಯ ವಿತ್ ಮೈ ಅಂಕಲ್ ಫಾರ್ ಸಿಕ್ಸ್ ಮಂತ್ಸ್'. ಮೂರನೆಯದರಲ್ಲಿ ಗೌರವದ 'ಅವರು' ಎಂಬುದು 'ಹಿ' ಆಗುತ್ತದೆ, 'ನನಗೆ' ಎಂಬುದು 'ಟು' ಇಲ್ಲದ 'ಮಿ' ಆಗುತ್ತದೆ: 'ಹಿ ಟಾಟ್ ಮಿ ಲೇತ್ ವರ್ಕ್'. ಕೊನೆಯದು 'ದ ಪೇ ವಾಸ್ ನಾಟ್ ಇನಫ್, ಸೋ ಐ ಲೆಫ್ಟ್ ದ ಜಾಬ್'. ಇಲ್ಲಿ 'ಐ ಲೆಫ್ಟ್ ಇಟ್' ಎಂದರೆ 'ಇಟ್' ಹಿಂದಿನ ಸಂಬಳವನ್ನು ಸೂಚಿಸುತ್ತದೆ. ಬಿಟ್ಟದ್ದು ಸಂಬಳವಲ್ಲ, ಕೆಲಸ, ಆದ್ದರಿಂದ ನಾಮಪದವನ್ನೇ ಹೇಳಬೇಕು.

ಈಗ ಇದೇ ಉತ್ತರವನ್ನು ನಿಮ್ಮ ತಂಗಿಯ ಬಗ್ಗೆ ಹೇಳುತ್ತಿರುವಂತೆ ಬದಲಿಸಿ ಬರೆಯಿರಿ. 'ಐ' ಇರುವ ಕಡೆಯೆಲ್ಲ 'ಶಿ', 'ಮೈ' ಇರುವ ಕಡೆಯೆಲ್ಲ 'ಹರ್', 'ಟಾಟ್ ಮಿ' ಎಂಬಲ್ಲಿ 'ಟಾಟ್ ಹರ್' ಬರುತ್ತದೆ. 'ಫಿನಿಶ್ಟ್', 'ವರ್ಕ್ಟ್', 'ಟಾಟ್', 'ಲೆಫ್ಟ್' ಒಂದೂ ಬದಲಾಗುವುದಿಲ್ಲ, ಪ್ರಿಪೊಸಿಷನ್‌ಗಳೂ ಇದ್ದಲ್ಲಿಯೇ ಇರುತ್ತವೆ. ಆಮೇಲೆ ಇಬ್ಬರು ತಮ್ಮಂದಿರ ಬಗ್ಗೆ 'ದೇ', 'ದೇರ್', 'ದೆಮ್' ಹಾಕಿ ಬರೆಯಿರಿ; ಡಿಪ್ಲೊಮಾ ಎರಡಾದ್ದರಿಂದ 'ಡಿಪ್ಲೊಮಾಸ್' ಎಂದು ಬಹುವಚನ ಮಾಡುವುದನ್ನು ಮರೆಯಬೇಡಿ. ಕೊನೆಗೆ, 'ವಾಸ್ ನಾಟ್' ಇರುವ ಸಂಬಳದ ಮಾತನ್ನು ಬಿಟ್ಟು, ಉಳಿದ ಪ್ರತಿಯೊಂದು ವಾಕ್ಯವನ್ನೂ 'ಡಿಡ್ ನಾಟ್' ಸೇರಿಸಿ ಇಲ್ಲವೆಂಬ ಅರ್ಥಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿ: 'ದೇ ಡಿಡ್ ನಾಟ್ ಫಿನಿಶ್', 'ಹಿ ಡಿಡ್ ನಾಟ್ ಟೀಚ್ ದೆಮ್'.